ಕುಮಟಾ–ಶಿರಸಿ ರಸ್ತೆ ಯಾರದು?

ಬಂಡಲ ದಾಟಿ ದೇವಿಮನೆ ಘಟ್ಟದ ಕಡೆಗೆ ಹೋಗುವಾಗ ಗಟಾರದ ಅಂಚಿನಲ್ಲಿ ಒಂದು ಕಿಲೋಮೀಟರ್ ಕಲ್ಲು ಇತ್ತು. ರಸ್ತೆ ಅಗಲ ಮಾಡುವ ಕೆಲಸ ಶುರುವಾಗುವ ಮೊದಲಿನ ಮಾತು. ಬಸ್ಸು ಕೆಟ್ಟು ನಿಂತ ಒಂದು ಮಧ್ಯಾಹ್ನ ಅದರ ಪಕ್ಕದಲ್ಲೇ ಒಂದು ತಾಸು ಕೂತಿದ್ದೆ. ತಲೆಗೆ ಹಳದಿ ಬಣ್ಣ, ಮೈಗೆ ಬಿಳಿ, ಬಿಳಿಯ ಮೇಲೆ ಕಪ್ಪು ಅಕ್ಷರ. ಎರಡು ಮಳೆಗಾಲ ಕಂಡಿದ್ದ ಹಳದಿ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಚಕ್ಕೆ ಬಿದ್ದಲ್ಲಿ ಒಳಗಿನ ಹಸಿರು ಕಾಣುತ್ತಿತ್ತು. ಮೊದಲು ಪಾಚಿ ಅಂದುಕೊಂಡೆ. ಉಗುರಿನಲ್ಲಿ ಕೆರೆದಾಗ ಅದೂ ಪುಡಿಯಾಗಿ ಉದುರಿತು. ಅದು ಹಳೆಯ ಬಣ್ಣ.

ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ಸುಮ್ಮನೆ ಬಳಿದದ್ದಲ್ಲ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಜಿಲ್ಲಾ ರಸ್ತೆಯ ಕಲ್ಲಿಗೆ ಕಪ್ಪು ಅಥವಾ ನೀಲಿ, ಹಳ್ಳಿ ರಸ್ತೆಯದಕ್ಕೆ ಕಿತ್ತಳೆ. ಬಂಡಲದ ಆ ಕಲ್ಲು ಇದ್ದಲ್ಲೇ ಇತ್ತು, ರಸ್ತೆಯೂ ಇದ್ದಲ್ಲೇ ಇತ್ತು. ಯಜಮಾನ ಬದಲಾಗಿದ್ದ.

ಇದನ್ನು ಬರೆಯಲು ಕಾರಣ ನನ್ನ ದೊಡ್ಡಪ್ಪ. ಅವರ ಅಡಿಕೆ ತೋಟ ಈ ರಸ್ತೆಯ ಕೆಳಬದಿಗೆ ಇದೆ. ರಸ್ತೆಗೆ ಹೊಸ ಮೋರಿ ಬಂದ ಮೇಲೆ ಮೊದಲು ಮೂರು ಕಡೆ ಹರಿದು ಹೋಗುತ್ತಿದ್ದ ನೀರೆಲ್ಲ ಒಂದೇ ಬಾಯಲ್ಲಿ ತೋಟಕ್ಕೆ ನುಗ್ಗುತ್ತಿತ್ತು. ಅರ್ಜಿ ಬರೆದು ಒಂದು ಕಚೇರಿಗೆ ಕೊಟ್ಟರು. "ಇದು ನಮ್ಮ ರಸ್ತೆಯಲ್ಲ" ಅಂದರು. ಇನ್ನೊಂದು ಕಚೇರಿಗೆ ಕೊಟ್ಟರು, ಅಲ್ಲಿಯೂ ಅದೇ ಮಾತು. ಮನೆಗೆ ಬಂದು ಜಗಲಿಯಲ್ಲಿ ಕೂತವರು ನನ್ನನ್ನು ಕೇಳಿದರು: "ತಮಾ, ಹಂಗಾದ್ರೆ ಈ ರಸ್ತೆ ಯಾರ್ದೋ?"

ಉತ್ತರ ಹೇಳಬೇಕಾದರೆ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾಕಾಗಿ ಹುಟ್ಟಿತು ಎನ್ನುವಲ್ಲಿಂದ ಶುರು ಮಾಡಬೇಕು.

ಸಮುದ್ರದಿಂದ ಘಟ್ಟದ ಮೇಲಕ್ಕೆ

ಕುಮಟಾದಿಂದ ಶಿರಸಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್. ಕುಮಟಾದವರಿಗೆ ಇದು ಶಿರಸಿ ರಸ್ತೆ, ಶಿರಸಿಯವರಿಗೆ ಕುಮಟಾ ರಸ್ತೆ. ಸರ್ಕಾರಿ ಕಡತದಲ್ಲಿ ಇದಕ್ಕೆ ಬಹುಕಾಲ ಇದ್ದ ಹೆಸರು ಬೇರೆ: ಕುಮಟಾ–ತಡಸ ರಾಜ್ಯ ಹೆದ್ದಾರಿ, ಸಂಖ್ಯೆ 69. ರಾಜ್ಯ ಹೆದ್ದಾರಿಗೆ ಹೆಸರಿಡುವಾಗ ಎರಡು ತುದಿಯ ಊರುಗಳನ್ನು ಹೇಳುವುದು ರೂಢಿ. ಶಿರಸಿ, ಮುಂಡಗೋಡ ದಾಟಿ ಹಾವೇರಿ ಜಿಲ್ಲೆಯ ತಡಸದಲ್ಲಿ ಹುಬ್ಬಳ್ಳಿ ಕಡೆಯ ದೊಡ್ಡ ರಸ್ತೆಗೆ ಹೋಗಿ ಸೇರುವುದರಿಂದ ಆ ಹೆಸರು. ಹಾಗಾಗಿ ನಡುವಿನ ದೊಡ್ಡ ಪೇಟೆ ಶಿರಸಿಯ ಹೆಸರೇ ರಸ್ತೆಯ ಹೆಸರಿನಲ್ಲಿಲ್ಲ. ಕಾರವಾರ–ಇಳಕಲ್, ಸದಾಶಿವಗಡ–ಔರಾದ, ಖಾನಾಪುರ–ತಾಳಗುಪ್ಪ, ನಮ್ಮ ಜಿಲ್ಲೆಯ ಉಳಿದ ರಾಜ್ಯ ಹೆದ್ದಾರಿಗಳ ಹೆಸರೂ ಹೀಗೇ. ಪೇಪರಿನಲ್ಲಿ ಇಳಕಲ್ ಹೆದ್ದಾರಿ ಬಂದ್ ಎಂದು ಓದಿ, ಅದು ಕೈಗಾದ ದಾರಿ ಎಂದು ಹೊಳೆಯದೆ ಹೊರಟು ಅರ್ಧ ದಾರಿಯಿಂದ ವಾಪಸು ಬಂದವರನ್ನು ಕಂಡಿದ್ದೇನೆ.

ಕುಮಟಾ ಪೇಟೆಯಿಂದ ಮೊದಲು ಕರಾವಳಿಯ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲೇ ಉತ್ತರಕ್ಕೆ ಹೋಗಬೇಕು. ಏಪ್ರಿಲ್–ಮೇ ತಿಂಗಳಾದರೆ ಹಂದಿಗೋಣದ ಹತ್ತಿರ ರಸ್ತೆಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ಸಾಲಾಗಿ ತೂಗುಹಾಕಿರುತ್ತಾರೆ. ದಿವಗಿಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಅಲ್ಲಿಂದ ಶಿರಸಿ ದಾರಿ. ಅಂತ್ರವಳ್ಳಿ, ಕತಗಾಲ, ಅಳಕೋಡ. ಗದ್ದೆ, ತೆಂಗು, ಹೊಳೆಸಾಲು. ಇಲ್ಲಿಯವರೆಗೆ ಏರು ಅನ್ನುವಂಥದ್ದೇನೂ ಇಲ್ಲ.

ಕತಗಾಲದಲ್ಲಿ ಚಂಡಿಕಾ ಹೊಳೆ ಇದೆ. ಯಾಣದ ಬಂಡೆಗಳ ಕಡೆಯಿಂದ ಇಳಿದು ಬಂದು ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಗೆ ಸೇರುವ ಹೊಳೆ. ಚಳಿಗಾಲದಲ್ಲಿ ನೋಡಿದರೆ ಇದು ರಸ್ತೆ ಮುಳುಗಿಸೀತು ಎಂದು ಯಾರೂ ನಂಬುವುದಿಲ್ಲ. ಆಷಾಢದ ಮಳೆ ಎರಡು ದಿನ ಜಡಿ ಹಿಡಿದರೆ ಸಾಕು, ಮೇಲಿನಿಂದ ಹೊಳೆ ಉಕ್ಕುತ್ತದೆ, ಕೆಳಗಿನಿಂದ ಅಘನಾಶಿನಿಯೂ ತುಂಬಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಡುವೆ ಸಿಕ್ಕಿದ ನೀರು ರಸ್ತೆಗೆ ಬರುತ್ತದೆ. ಘಟ್ಟ ಸರಿಯಾಗಿಯೇ ಇದ್ದರೂ ಸಂಚಾರ ಬಂದ್. ಎರಡೂ ಕಡೆ ಲಾರಿಗಳ ಸಾಲು, ನೀರು ಇಳಿಯುವವರೆಗೆ ಕಾಯುವುದೊಂದೇ ದಾರಿ.

ಅಳಕೋಡದಾಚೆ ಕಾಡು ದಟ್ಟವಾಗುತ್ತದೆ, ತಿರುವು ಶುರುವಾಗುತ್ತದೆ. ಯಾಣಕ್ಕೆ ಹೋಗುವವರು ಈ ದಾರಿಯಲ್ಲೇ ಬಂದು ಒಳಗೆ ತಿರುಗುತ್ತಾರೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಬೆಣ್ಣೆಹೊಳೆ ಜಲಪಾತಕ್ಕೆ ಹೋಗುವವರೂ ಇದೇ ರಸ್ತೆಯಿಂದ ಕಾಡಿಗೆ ಇಳಿಯುತ್ತಾರೆ. ಏರು ಮುಗಿಯುವಲ್ಲಿ ದೇವಿಯ ಗುಡಿ. ಡ್ರೈವರುಗಳು ಇಳಿದು ಕೈಮುಗಿಯುತ್ತಾರೆ, ಹೊತ್ತಾಗಿದ್ದರೆ ಕೂತಲ್ಲಿಂದಲೇ ಚಿಲ್ಲರೆ ಎಸೆಯುತ್ತಾರೆ. ಘಟ್ಟಕ್ಕೆ ದೇವಿಮನೆ ಎಂಬ ಹೆಸರು ಬಂದದ್ದು ಆ ದೇವಿಯಿಂದ. ಅಲ್ಲಿಂದ ಮುಂದೆ ರಾಗಿಹೊಸಳ್ಳಿ, ಬಂಡಲ, ಅಮ್ಮಿನಳ್ಳಿ, ಹನುಮಂತಿ. ಅಡಿಕೆ ತೋಟ, ಸೊಪ್ಪಿನಬೆಟ್ಟ, ಹೆಂಚಿನ ಮನೆ. ನಂತರ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿ.

ಅಘನಾಶಿನಿಯೂ ಇದೇ ಎರಡು ತಾಲ್ಲೂಕುಗಳ ನಡುವೆ ಹರಿಯುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ರಸ್ತೆ 60 ಕಿಲೋಮೀಟರಿನಲ್ಲಿ ಮುಗಿಸುವ ದಾರಿಗೆ ಹೊಳೆ ಸುಮಾರು 117 ಕಿಲೋಮೀಟರ್ ಹರಿಯುತ್ತದೆ, ಎಲ್ಲಿಯೂ ಅಣೆಕಟ್ಟಿಲ್ಲದೆ. ಇದರ ಕಣಿವೆಯ ಕಾಡು ಸಿಂಗಳೀಕಗಳ ನೆಲೆ. 2011ರಲ್ಲಿ ಅದರ ದೊಡ್ಡದೊಂದು ಭಾಗ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು.

ಎತ್ತು ಏರಿದ ದಾರಿ, ಗಾಡಿ ಏರಿದ ದಾರಿ

ಘಟ್ಟದ ರಸ್ತೆಗೆ ಯಾಕಿಷ್ಟು ತಿರುವು ಎಂದು ಮಕ್ಕಳು ಕೇಳುತ್ತಾರೆ. ದೊಡ್ಡವರೂ ಕೇಳುತ್ತಾರೆ, ನೇರವಾಗಿ ಹತ್ತಿಸಿದ್ದರೆ ಎಷ್ಟು ಹತ್ತಿರವಾಗುತ್ತಿತ್ತು ಅಂತ. ಲೆಕ್ಕ ಸುಲಭ. ಬೆಟ್ಟದ ರಸ್ತೆಗೆ ಭಾರತೀಯ ರೋಡ್ ಕಾಂಗ್ರೆಸ್ ಹೇಳುವ ಸಾಮಾನ್ಯ ಏರು 20ಕ್ಕೆ 1. ಅಂದರೆ 20 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೆ ಹೋಗಬಹುದು. ಅನಿವಾರ್ಯವಾದರೆ ಇನ್ನಷ್ಟು ಕಡಿದಾಗಿಸಬಹುದು, ಅದೂ ಚಿಕ್ಕ ದೂರಕ್ಕೆ. ಈ ಲೆಕ್ಕದಲ್ಲಿ 400 ಮೀಟರ್ ಎತ್ತರ ಏರಲು 8 ಕಿಲೋಮೀಟರ್ ರಸ್ತೆ ಬೇಕು. ಬೆಟ್ಟದ ಬುಡದಿಂದ ನೆತ್ತಿಗೆ ಹದ್ದು ಹಾರುವ ದೂರ ಎರಡು–ಮೂರು ಕಿಲೋಮೀಟರ್ ಮಾತ್ರ ಇದ್ದರೆ ಉಳಿದ ಉದ್ದವನ್ನು ಬೆಟ್ಟದ ಮೈಮೇಲೆ ಅತ್ತಿಂದಿತ್ತ ಸುತ್ತಿಯೇ ಹುಡುಕಬೇಕು. ತಿರುವೆಂದರೆ ಹಾಗೆ ಹುಡುಕಿಕೊಂಡ ಉದ್ದ.

ಎತ್ತಿಗೆ ಈ ಲೆಕ್ಕ ಬೇಕಿರಲಿಲ್ಲ. ಬೆನ್ನಿಗೆ ಹೇರು ಹಾಕಿದ ಎತ್ತು ಮೆಟ್ಟಿಲಿನಂಥ ಕಾಲುದಾರಿಯನ್ನೂ ಹತ್ತುತ್ತದೆ. ಶತಮಾನಗಟ್ಟಲೆ ಘಟ್ಟದ ಮೇಲಿನ ಮೆಣಸು, ಅಡಿಕೆ, ಏಲಕ್ಕಿ ಕೆಳಗಿಳಿದದ್ದು, ಕೆಳಗಿನ ಉಪ್ಪು, ಒಣಮೀನು, ತೆಂಗು ಮೇಲೇರಿದ್ದು ಹೇರೆತ್ತುಗಳ ಮೇಲೆ. ಮಿರ್ಜಾನಿನ ಕೋಟೆ ಇಂದಿಗೂ ನಿಂತಿರುವುದು ಈ ದಾರಿಯ ಬಾಯಿಗೆ ಹತ್ತಿರದಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಕಾಲದಲ್ಲಿ ಕಾಳುಮೆಣಸಿನ ಮೂಟೆಗಳು ಇಂಥ ಘಟ್ಟಗಳನ್ನೇ ಇಳಿದು ಹೊಳೆಬಾಯಿಯ ದೋಣಿ ಸೇರುತ್ತಿದ್ದವು. ಅಘನಾಶಿನಿಯ ದಂಡೆಯ ಊರೊಂದಕ್ಕೆ ಉಪ್ಪಿನಪಟ್ಟಣ ಎಂದೇ ಹೆಸರು. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಇವತ್ತಿಗೂ ಉಪ್ಪು ಬೆಳೆಯುತ್ತಾರೆ. ಹೊಳೆಬಾಯಿಯ ಉಪ್ಪು, ಹೊಳೆಯ ಮೇಲ್ಗಡೆ ಉಪ್ಪಿನ ಹೆಸರಿನ ಊರು, ಅದರಾಚೆ ಘಟ್ಟ. ಇವಿಷ್ಟನ್ನು ನಕಾಶೆಯಲ್ಲಿ ಬೆರಳಿಟ್ಟು ನೋಡಿದರೆ ಹಳೆಯ ವ್ಯಾಪಾರದ ದಾರಿ ತಾನೇ ಕಾಣುತ್ತದೆ.

ಗಾಡಿ ಬಂದಾಗ ಎಲ್ಲ ಬದಲಾಯಿತು. ಎತ್ತಿನ ಬೆನ್ನಿಗಿಂತ ಹಲವು ಪಟ್ಟು ಹೇರು ಗಾಡಿ ಎಳೆಯುತ್ತದೆ, ಆದರೆ ಗಾಡಿಗೆ ಹದವಾದ ಏರು ಬೇಕು, ಗಟ್ಟಿ ನೆಲ ಬೇಕು, ಹಳ್ಳಕ್ಕೆ ಸೇತುವೆ ಬೇಕು, ಇಳಿಯುವಾಗ ಹಿಡಿತ ತಪ್ಪದಂತೆ ತಿರುವಿನಲ್ಲಿ ಜಾಗ ಬೇಕು. ಇಷ್ಟು ಖರ್ಚು ಮಾಡುವಷ್ಟು ದೊಡ್ಡ ಹೇರು ಯಾವುದು? ಈ ಘಟ್ಟದ ಮಟ್ಟಿಗೆ ಉತ್ತರ ಹತ್ತಿ.

ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕಪ್ಪು ನೆಲದ ಹತ್ತಿ 19ನೇ ಶತಮಾನದಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿತ್ತು. ಮುಂಬಯಿಯ ಹತ್ತಿ ಪೇಟೆಯಲ್ಲಿ ಅದನ್ನು ಕುಮಟಾ ಹತ್ತಿ ಎಂದೇ ಕರೆದರು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಬೆಳೆದ ಊರಿನ ಹೆಸರು ಬಿಟ್ಟು, ಹತ್ತಿಸಿದ ಬಂದರಿನ ಹೆಸರು ನಿಂತಿತು. ಮುಂದೆ ಅದೇ ಧಾರವಾಡ ಸೀಮೆಯ ನಾಟಿ ಹತ್ತಿ ತಳಿಯ ಹೆಸರಾಗಿ ಕೃಷಿ ಪುಸ್ತಕಗಳಿಗೂ ಹೋಯಿತು.

ಈ ವ್ಯಾಪಾರಕ್ಕೆ ಕಾಲ ಬಹಳ ಬಿಗಿ. ಆ ಹತ್ತಿಯನ್ನು ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಮೇ ಕೊನೆಗೆ ಸಮುದ್ರ ಕೆಡುತ್ತದೆ, ಕುಮಟಾದಂಥ ತೆರೆದ ಬಂದರಿನಲ್ಲಿ ದೋಣಿ ನಿಲ್ಲುವುದಿಲ್ಲ. ಹಾಗಾಗಿ ಬಿಡಿಸಿದ ಹತ್ತಿ ನಡುವಿನ ಕೆಲವೇ ವಾರಗಳಲ್ಲಿ ಘಟ್ಟ ಇಳಿಯಬೇಕು. ದಾರಿಯಲ್ಲಿ ಒಂದು ಗಾಡಿ ಮುರಿದು ಕೂತರೆ ಹಿಂದಿನದ್ದೆಲ್ಲ ನಿಲ್ಲುತ್ತದೆ. ಒಂದು ಅಕಾಲ ಮಳೆ ಬಂದರೆ ಹತ್ತಿ ನೆನೆದು ಬಣ್ಣಗೆಡುತ್ತದೆ. ರಸ್ತೆ ಚೆನ್ನಾಗಿರಬೇಕೆಂದು ವ್ಯಾಪಾರಿಗಳು ಒತ್ತಾಯ ಹೇರಿದ್ದು ಇದಕ್ಕೇ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಈ ಒತ್ತಾಯ ಹತ್ತಾರು ಪಟ್ಟು ಹೆಚ್ಚಿತು. ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಮೊದಲೇ ಮುಂಬಯಿಯದಾಗಿತ್ತು. ಹತ್ತಿ ಬೆಳೆಯುವ ನೆಲ ಒಂದು ಸರ್ಕಾರದ್ದು, ಅದಕ್ಕೆ ಬೇಕಾದ ಘಟ್ಟ ಮತ್ತು ಬಂದರು ಇನ್ನೊಂದರದ್ದು ಆಗಿದ್ದರೆ ರಸ್ತೆ ಮುಂದೆ ಸಾಗುವುದಿಲ್ಲ ಎಂಬುದು ಈ ಬದಲಾವಣೆಯ ಹಿಂದಿನ ದೊಡ್ಡ ಕಾರಣ. ಸರಿಯಾದ ಬಂದರು ಬೇಕೆಂದು ಕಾರವಾರವನ್ನು ಆರಿಸಿದರು, ಅಲ್ಲಿಗೆ ಕೈಗಾ ಘಟ್ಟದ ರಸ್ತೆ ತೆಗೆದರು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಯಂತ್ರಗಳನ್ನು ಹಡಗಿನಲ್ಲಿ ಹೇರಿ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಕಳಿಸಿದಾಗ ಅಲ್ಲಿಂದ ಮೇಲೆ ಸಾಗಿಸಲು ರಸ್ತೆಯೇ ಸಿದ್ಧವಾಗಿರಲಿಲ್ಲ.

ನಮ್ಮ ಜಿಲ್ಲೆಯ ಭೂಗೋಳ, ಆಡಳಿತ, ಜಿಲ್ಲಾ ಕೇಂದ್ರ ಎಲ್ಲದರ ಮೇಲೂ ಆ ಹತ್ತು ವರ್ಷದ ಹತ್ತಿಯ ಗುರುತಿದೆ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್ ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು. ಹತ್ತಿ ರೈಲು ಹತ್ತಿತು. ಕುಮಟಾ ಬಂದರಿಗೆ ಬಿದ್ದ ಹೊಡೆತದಿಂದ ಅದು ಮತ್ತೆ ಏಳಲಿಲ್ಲ. ಕಾರವಾರದ ದೊಡ್ಡ ಕನಸೂ ಆಗಲೇ ಕರಗಿತು. ದೇವಿಮನೆ ಘಟ್ಟ ಪ್ರಪಂಚದ ಲೆಕ್ಕದಿಂದ ಹೊರಬಿದ್ದು ಊರಿನವರ ದಾರಿಯಾಗಿ ಉಳಿಯಿತು: ಅಡಿಕೆ ಇಳಿಯಲು, ಅಕ್ಕಿ ಏರಲು, ಮದುವೆ ದಿಬ್ಬಣ ಹೋಗಲು, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಕರಾವಳಿಯವರು ಬರಲು.

ಹಸಿರು ಕಲ್ಲಿನಿಂದ ಹಳದಿ ಕಲ್ಲಿಗೆ

ರಸ್ತೆಗಳಿಗೆ ಜಾತಿ ಹಚ್ಚುವ ಈಗಿನ ಪದ್ಧತಿಯ ಮೂಲ 1943ರಲ್ಲಿ ನಾಗಪುರದಲ್ಲಿ ಸೇರಿದ್ದ ಮುಖ್ಯ ಎಂಜಿನಿಯರುಗಳ ಸಭೆ. ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಹೆದ್ದಾರಿ, ದೊಡ್ಡ ಜಿಲ್ಲಾ ರಸ್ತೆ, ಇತರ ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂದು ಐದು ಬಗೆ ಮಾಡಿದರು. ಪ್ರಾಂತ್ಯದ ಹೆದ್ದಾರಿ ಮುಂದೆ ರಾಜ್ಯ ಹೆದ್ದಾರಿಯಾಯಿತು. ರಾಜ್ಯದೊಳಗಿನ ಜಿಲ್ಲಾ ಕೇಂದ್ರ, ದೊಡ್ಡ ಪೇಟೆಗಳನ್ನು ಒಂದಕ್ಕೊಂದು ಮತ್ತು ರಾಷ್ಟ್ರೀಯ ಹೆದ್ದಾರಿಗೆ ಸೇರಿಸುವುದು ಅದರ ಕೆಲಸ. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ ಅದರ ರಸ್ತೆಗಳೂ ಇತ್ತ ಬಂದವು. 1964ರಲ್ಲಿ ರಾಜ್ಯಕ್ಕೆ ತನ್ನದೇ ಹೆದ್ದಾರಿ ಕಾಯ್ದೆ ಬಂತು.

ರಾಜ್ಯ ಹೆದ್ದಾರಿ ಎಂದರೆ ದುಡ್ಡು ರಾಜ್ಯದ್ದು, ಕೆಲಸ ಲೋಕೋಪಯೋಗಿ ಇಲಾಖೆಯದ್ದು. ಹೊಂಡ ಮುಚ್ಚುವುದರಿಂದ ಮೋರಿ ಕಟ್ಟುವವರೆಗೆ ತಾಲ್ಲೂಕಿನ ಕಚೇರಿಯಲ್ಲೇ ಕೇಳಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಅದು ಕೇಂದ್ರದ್ದು, ದುಡ್ಡೂ ಕೇಂದ್ರದ್ದು. ಸ್ಥಳದಲ್ಲಿ ಕೆಲಸ ನೋಡಿಕೊಳ್ಳುವುದು ಕೆಲವು ಕಡೆ ಹೆದ್ದಾರಿ ಪ್ರಾಧಿಕಾರ, ಕೆಲವು ಕಡೆ ಲೋಕೋಪಯೋಗಿ ಇಲಾಖೆಯೊಳಗೇ ಇರುವ ಪ್ರತ್ಯೇಕ ರಾಷ್ಟ್ರೀಯ ಹೆದ್ದಾರಿ ವಿಭಾಗ. ಇಲಾಖೆಯ ಬೋರ್ಡು ಒಂದೇ ಇದ್ದರೂ ವಿಭಾಗ ಬೇರೆ. ದೊಡ್ಡಪ್ಪನ ಅರ್ಜಿ ತಿರುಗಿ ತಿರುಗಿ ಬಂದದ್ದು ಈ ಸಂದಿಯಲ್ಲಿ ಸಿಕ್ಕಿ.

ಕುಮಟಾ–ಶಿರಸಿ ಈಗ ರಾಷ್ಟ್ರೀಯ ಹೆದ್ದಾರಿ 766ಇ. ಶಿರಸಿಯಿಂದ ಮುಂದೆ ಅದು ಹಾವೇರಿಯ ಕಡೆಗೆ ಹೋಗುತ್ತದೆ. ಮು‌ಂಡಗೋಡದ ಮೇಲೆ ತಡಸಕ್ಕೆ ಹೋಗುವ ದಾರಿಯನ್ನು ಜನ ಹಳೆಯ ಲೆಕ್ಕದಲ್ಲೇ ಗುರುತಿಸುತ್ತಾರೆ. 766ಇ ಎಂಬ ಉದ್ದ ಸಂಖ್ಯೆಗೂ ಅರ್ಥವಿದೆ. 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟರು. ಉತ್ತರ–ದಕ್ಷಿಣ ಹೋಗುವ ದೊಡ್ಡ ರಸ್ತೆಗಳಿಗೆ ಸಮ ಸಂಖ್ಯೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ ಬರುತ್ತದೆ. ಪೂರ್ವ–ಪಶ್ಚಿಮ ಹೋಗುವವಕ್ಕೆ ಬೆಸ ಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಪಶ್ಚಿಮ ಕರಾವಳಿಯ ಹಳೆಯ 17ನೇ ಹೆದ್ದಾರಿ 66 ಆದದ್ದು ಹೀಗೆ. ಅದರ ಕವಲುಗಳಿಗೆ 66ರ ಹಿಂದೆ ಒಂದೊಂದು ಅಂಕಿ: 166, 266, ಹೀಗೆ 966ರವರೆಗೆ. ಅಂಕಿ ಸಾಲದಿದ್ದರೆ ಕೊನೆಗೆ ಅಕ್ಷರ. ಆದ್ದರಿಂದ 766ಇ ಎಂದು ಕಂಡ ಕೂಡಲೇ, ಇದು ಕರಾವಳಿಯ 66ಕ್ಕೆ ಸೇರಿದ ಕವಲು ಎಂದು ತಿಳಿಯಬಹುದು. ಒಂದು ಕಡೆ ಮಾತ್ರ ಎಚ್ಚರ ಬೇಕು. ಹೊನ್ನಾವರದಿಂದ ಗೇರುಸೊಪ್ಪೆ, ಸಾಗರದ ಕಡೆಗೆ ಹೋಗುವ ಹಳೆಯ 206 ಈಗ ರಾಷ್ಟ್ರೀಯ ಹೆದ್ದಾರಿ 69. ನಮ್ಮದು ರಾಜ್ಯ ಹೆದ್ದಾರಿ 69 ಆಗಿತ್ತು. ಬರೀ 69 ಅಂದರೆ ಯಾವುದು ಎಂದು ಕೇಳಿಕೊಳ್ಳಲೇಬೇಕು.

ದರ್ಜೆ ಏರಿದರೆ ಅಗಲವೂ ಏರುತ್ತದೆ. ಒಂದೇ ವಾಹನ ಹೋಗುವ ಡಾಂಬರು ರಸ್ತೆಯ ಅಗಲ 3.75 ಮೀಟರ್, ಎರಡು ಸಾಲಿನದು 7 ಮೀಟರ್. ಈಗ ಈ ರಸ್ತೆಗೆ ಹಿಡಿದಿರುವ ಬಗೆಯಲ್ಲಿ 7 ಮೀಟರಿನ ಎರಡೂ ಕಡೆ ಒಂದೂವರೆ ಮೀಟರ್ ಗಟ್ಟಿ ಅಂಚು ಸೇರಿ 10 ಮೀಟರ್. ಬಯಲಿನಲ್ಲಿ ಇದು ಏನೂ ಅಲ್ಲ. ಬೆಟ್ಟದ ಓರೆಯಲ್ಲಿ ಮೂರು ಮೀಟರ್ ಹೆಚ್ಚು ಬೇಕೆಂದರೆ ಒಂದೋ ಒಳಗೆ ಗುಡ್ಡದ ಕಡೆಯ ಧರೆ ಕಡಿಯಬೇಕು, ಇಲ್ಲವೇ ಹೊರಗೆ ಕಣಿವೆಯ ಕಡೆಯಿಂದ ಗೋಡೆ ಎಬ್ಬಿಸಿ ತುಂಬಬೇಕು.

ಇಷ್ಟು ಅಗಲ ಯಾಕೆ ಬೇಕಾಯಿತು ಎಂದರೆ ಮತ್ತೆ ಬಂದರು. 2015ರಲ್ಲಿ ಕೇಂದ್ರ ಶುರುಮಾಡಿದ ಸಾಗರಮಾಲಾ ಯೋಜನೆಯ ಗುರಿ ಬಂದರುಗಳಿಗೆ ಒಳನಾಡಿನಿಂದ ಒಳ್ಳೆಯ ರಸ್ತೆ, ರೈಲು ಒದಗಿಸುವುದು. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರನ್ನು ಮುಂದಿಟ್ಟುಕೊಂಡು ಈ ರಸ್ತೆಯ ಅಗಲೀಕರಣ ಬಂತು. 1860ರ ದಶಕದಲ್ಲಿ ಹತ್ತಿ, ಈಗ ಹಡಗಿನ ಸರಕು. ಬಂದರಿಗೆ ಹೇರು ಬೇಕಾದಾಗಲೆಲ್ಲ ಈ ದಾರಿಗೆ ದೊಡ್ಡವರ ಗಮನ ಸಿಗುತ್ತದೆ. ದಿನಾ ಓಡಾಡುವವರಿಗೆ ರಸ್ತೆ ಬೇಡವೆಂದಲ್ಲ, ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಕಾಗದದಲ್ಲಿದೆ, ಶಿರಸಿಗೆ ಹತ್ತಿರದ ರೈಲು ನಿಲ್ದಾಣ ತಾಳಗುಪ್ಪ. ಮಂಗಳೂರು, ಮಣಿಪಾಲಕ್ಕೆ ರೋಗಿಯನ್ನು ಒಯ್ಯುವ ಆಂಬುಲೆನ್ಸ್ ಇಳಿಯುವುದು ಈ ಘಟ್ಟದಲ್ಲಿ. ಬೆಳಗಿನ ಮೀನಿನ ಗಾಡಿ ಏರುವುದೂ ಇದರಲ್ಲೇ. ಹಾಗಾಗಿ ಅಗಲ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅಗಲ ಮಾಡುವ ರೀತಿಯ ಬಗ್ಗೆ ಮಾತ್ರ ನನಗೆ ತಕರಾರಿದೆ.

ಧರೆ ಯಾಕೆ ಜಾರುತ್ತದೆ

ಕಡಿದ ಧರೆಯನ್ನು ಬೇಸಿಗೆಯಲ್ಲಿ ಹತ್ತಿರ ಹೋಗಿ ನೋಡಬೇಕು. ಮೇಲೆ ಒಂದೆರಡು ಅಡಿ ಕಪ್ಪು ಮಣ್ಣು, ಬೇರಿನ ಬಲೆ. ಅದರಡಿ ಕೆಂಪು ಜಂಬಿಟ್ಟಿಗೆಯ ಪದರ, ಕೈಯಲ್ಲಿ ತಟ್ಟಿದರೆ ಗಟ್ಟಿ. ಅದರಡಿ ಬಿಳಿಗೆಂಪು, ಕೆಲವೆಡೆ ಹಳದಿ ಬೆರೆತ ನುಣುಪು ಮಣ್ಣು. ನಮ್ಮ ಕಡೆ ಗೋಡೆಗೆ ಸಾರಿಸುವ ಶೇಡಿ ಇದೇ. ಒಣಗಿದಾಗ ಇದರ ಮೇಲೆ ಮೊಳೆ ಹೊಡೆಯುವುದೂ ಕಷ್ಟ. ಒಂದು ಉಂಡೆ ಕಿತ್ತು ತಂಬಿಗೆ ನೀರಿನಲ್ಲಿ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಅಂಚು ಕರಗಿ ಗಂಜಿಯಾಗುತ್ತದೆ.

ಮೇಲಿನ ಜಂಬಿಟ್ಟಿಗೆಯಲ್ಲಿ ತೂತುಗಳಿವೆ, ಮಳೆ ನೀರು ಅದರಲ್ಲಿ ಇಳಿಯುತ್ತದೆ. ಶೇಡಿ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಎರಡರ ನಡುವೆ ನೀರು ನಿಂತು ಒತ್ತುತ್ತದೆ, ಶೇಡಿಯ ಮೇಲ್ಮೈ ಜಾರುಬಂಡೆಯಾಗುತ್ತದೆ. ಬೆಟ್ಟದ ಬುಡ ಹಾಗೇ ಇದ್ದರೆ ಮೇಲಿನ ಭಾರಕ್ಕೆ ಅದು ಆನಿಕೆ ಕೊಡುತ್ತದೆ. ರಸ್ತೆಗಾಗಿ ಬುಡವನ್ನೇ ಕಡಿದು ಗೋಡೆಯಂತೆ ನಿಲ್ಲಿಸಿದರೆ ಆನಿಕೆ ಹೋಯಿತು. ಘಟ್ಟದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಮೂರು ತಿಂಗಳಲ್ಲಿ. ಜುಲೈ ಹೊತ್ತಿಗೆ ಮರ ಸಮೇತ ಧರೆ ರಸ್ತೆಗೆ ಬರುತ್ತದೆ.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಧರೆಯನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಓರೆಗೊಳಿಸುವುದು, ಕಡಿತದ ಮೇಲ್ತುದಿಯ ಹಿಂದೆಯೇ ಅಗಳು ತೋಡಿ ನೀರನ್ನು ಬೇರೆ ಕಡೆ ತಿರುಗಿಸುವುದು, ಬುಡಕ್ಕೆ ತೂತು ಬಿಟ್ಟ ಕಲ್ಲಿನ ಗೋಡೆ ಕಟ್ಟುವುದು, ಬೇರು ಬಿಡುವ ಹುಲ್ಲು, ಗಿಡ ಹಿಡಿಸುವುದು. ಇವಕ್ಕೆಲ್ಲ ಜಾಗ ಬೇಕು, ಹೊತ್ತು ಬೇಕು. ಜಾಗ ಅರಣ್ಯದ್ದು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಇಲ್ಲದೆ ಒಂದು ಅಡಿಯೂ ಸಿಗುವುದಿಲ್ಲ. ಸಿಕ್ಕ ಅಗಲದಲ್ಲೇ ಎಲ್ಲ ಮುಗಿಸಬೇಕೆಂದರೆ ಧರೆ ನೆಟ್ಟಗಾಗುತ್ತದೆ. ಕಾಡು ಉಳಿಸಲು ಅಗಲ ಕಡಿಮೆ ಮಾಡಬೇಕು, ಇಲ್ಲ ಧರೆ ಉಳಿಸಲು ಇನ್ನಷ್ಟು ಕಾಡು ಬಿಡಬೇಕು. ನನ್ನನ್ನು ಕೇಳಿದರೆ ಘಟ್ಟದ ಭಾಗದಲ್ಲಾದರೂ ರಸ್ತೆಯ ಅಗಲ ಕಡಿಮೆ ಇರಲಿ. ಅಲ್ಲಿ ಹೇಗೂ ಯಾರೂ ವೇಗವಾಗಿ ಹೋಗಲಾಗುವುದಿಲ್ಲ, ಹೋಗಲೂಬಾರದು.

ಹೊಡೆತ ಒಂದೇ ಘಟ್ಟದ್ದಲ್ಲ. 2021ರ ಜುಲೈಯಲ್ಲಿ ಅರಬೈಲ್ ಘಟ್ಟ ಕುಸಿಯಿತು, ಯಲ್ಲಾಪುರದ ಕಳಚೆಯಲ್ಲಿ ಊರೇ ಬಿರುಕು ಬಿಟ್ಟಿತು. ಅದೇ ಮಳೆಯಲ್ಲಿ ಅಣಶಿಯಲ್ಲೂ ಗುಡ್ಡ ಜಾರಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ 66ನೇ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜನ ಜೀವ ಕಳೆದುಕೊಂಡರು. ಆಗ ಕರಾವಳಿಯ ವಾಹನಗಳು ಬಳಸು ದಾರಿ ಹುಡುಕಿ ಘಟ್ಟ ಏರಿದವು. ಜಿಲ್ಲೆಯಲ್ಲಿ ಅಣಶಿ, ಕೈಗಾ, ಅರಬೈಲ್, ವಡ್ಡಿ, ದೇವಿಮನೆ, ದೊಡ್ಮನೆ, ಗೇರುಸೊಪ್ಪೆ ಎಂದು ಇಷ್ಟು ಘಟ್ಟದ ದಾರಿಗಳಿವೆ. ಒಂದು ಮುಚ್ಚಿದರೆ ಅದರ ಭಾರ ಪಕ್ಕದ್ದಕ್ಕೆ ಬೀಳುತ್ತದೆ. 2024ರ ಡಿಸೆಂಬರಿನಲ್ಲಿ ಕೆಲಸಕ್ಕಾಗಿ ದೇವಿಮನೆಯನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಶಿರಸಿಯಿಂದ ಕುಮಟಾಕ್ಕೆ ಹೋಗಬೇಕಾದವರು ಯಲ್ಲಾಪುರ ಸುತ್ತಿ ಅಂಕೋಲಾಕ್ಕೆ ಇಳಿದರು, ಇಲ್ಲವೇ ಸಿದ್ದಾಪುರದ ಮೇಲೆ ಹೋದರು. ದೊಡ್ಮನೆ ಘಟ್ಟದ ಕಿರಿದಾದ ತಿರುವುಗಳಲ್ಲಿ ಎದುರುಬದುರಾದ ಬಸ್ಸು, ಲಾರಿಗಳು ಹಿಂದೆ ಸರಿಯಲು ಒದ್ದಾಡುತ್ತಿದ್ದವು.

ದೊಡ್ಡಪ್ಪನ ಅರ್ಜಿಯ ಮಾತಿಗೆ ಬರುತ್ತೇನೆ. ಮೂರನೆಯ ಸಲ ನಾನೂ ಜೊತೆಗೆ ಕೂತು ಬರೆದೆ. ರಸ್ತೆಯ ಹೆಸರು ಬರೆಯುವ ಕಡೆ "ಶಿರಸಿ–ಕುಮಟಾ ರಸ್ತೆ" ಎಂದಷ್ಟೇ ಇದ್ದದ್ದನ್ನು ಹೊಡೆದು "ರಾಷ್ಟ್ರೀಯ ಹೆದ್ದಾರಿ 766ಇ" ಎಂದು ಹಾಕಿದೆವು. ಎಂಜಿನಿಯರುಗಳು ಜಾಗವನ್ನು ಊರಿನ ಹೆಸರಿನಿಂದ ಹುಡುಕುವುದಿಲ್ಲ, ಚೈನೇಜ್ ಎಂದು ಕರೆಯುವ ದೂರದ ಲೆಕ್ಕದಿಂದ ಹುಡುಕುತ್ತಾರೆ: ಇಷ್ಟನೇ ಕಿಲೋಮೀಟರ್, ಅದರ ಮೇಲೆ ಇಷ್ಟು ಮೀಟರ್. ಮರುದಿನ ಬೆಳಿಗ್ಗೆ ದೊಡ್ಡಪ್ಪ ಹತ್ತಿರದ ಹೊಸ ಕಿಲೋಮೀಟರ್ ಕಲ್ಲಿನಿಂದ ಮೋರಿಯವರೆಗೆ ಹಗ್ಗ ಹಿಡಿದು ಅಳೆದರು. ಅಡಿಕೆ ಸಸಿ ನೆಡುವಾಗ ಸಾಲು ಹಿಡಿಯುವ ಹಗ್ಗ ಅದು, ಗಂಟಿನಿಂದ ಗಂಟಿಗೆ ಎಂಟೂವರೆ ಅಡಿ. ನಲವತ್ತೊಂದು ಗಂಟು ಬಂತು. ಅದನ್ನು ಮೀಟರಿಗೆ ತಂದು, ಮೋರಿಯ ಬಾಯಿಂದ ತೋಟದೊಳಗೆ ಕೊರೆದ ಹಳ್ಳದ ಎರಡು ಫೋಟೋ ಹಚ್ಚಿ, ರಾಷ್ಟ್ರೀಯ ಹೆದ್ದಾರಿ ನೋಡಿಕೊಳ್ಳುವ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದರು.

ಹದಿನೈದು ದಿನದ ಮೇಲೆ ಟೇಪು ಹಿಡಿದ ಇಬ್ಬರು ಹುಡುಗರು ಬಂದರು. ಕಲ್ಲಿನಿಂದ ಅಳೆಯುತ್ತ ಬಂದು ಮೋರಿಯ ಮೇಲೆ ನಿಂತು, ಬಗ್ಗಿ ಕೆಳಗೆ ನೋಡಿದರು. ಕೆಳಗೆ ತೋಟದಲ್ಲಿ ದೊಡ್ಡಪ್ಪ ಹಾಳೆಟೊಪ್ಪಿ ಹಾಕಿಕೊಂಡು ನಿಂತಿದ್ದರು. "ಇಲ್ಲೇ ಅಲ್ವಾ ಹೆಗಡೇರೆ?" ಎಂದು ಒಬ್ಬ ಮೇಲಿಂದ ಕೂಗಿ ಕೇಳಿದ.

"ಇಲ್ಲೇ, ಇಳಿದು ಬನ್ನಿ. ಜಾರ್ತು, ನಿಧಾನ."